ಬಿಳಿ ಮರಿ ಬಂದ ದಾರಿ

"ಹೊನ್ನಗವಿಯ ಜನರೇ, ಕೇಳಿರಿ. ರಾಜಕುಮಾರಿ ಕೌಮುದಿದೇವಿ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನನ್ನು ವರಿಸುತ್ತಾರೆ, ಅರ್ಧ ರಾಜ್ಯವೂ ಅವನದೇ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಇದು ದುರ್ಗಪಾಲ ಮಹಾರಾಜರ ಅಪ್ಪಣೆ."

ಡಂಗುರದವನು ಹೀಗೆ ಸಾರಿಕೊಂಡು ಹೋದಾಗ ಮಾಳಿಂಗ ಅರಮನೆಯ ಹಿತ್ತಿಲಲ್ಲಿ ಮೊಲಗಳಿಗೆ ಹಸಿ ಹುಲ್ಲು ಹಾಕುತ್ತಿದ್ದ. ಮೊಲ ಸಾಕುವುದು ಅವನ ಕೆಲಸ. ಅವನಿಗಿಂತ ಮೊದಲು ಅವನಪ್ಪನೂ ಅದನ್ನೇ ಮಾಡಿದ್ದ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ತಪ್ಪು ತಿಳಿಯುವಂತಾಗುತ್ತದೆ. ಒಗಟುಗಳು ರಾಜಕುಮಾರಿಯವು, ತಲೆಯ ಶರತ್ತು ರಾಜನದು. ಉತ್ತರ ಸರಿಯೋ ತಪ್ಪೋ ಎಂದು ಅವಳೇ ಹೇಳಬೇಕೆಂದು ರಾಜ ಮಾತು ಕೊಟ್ಟಿದ್ದ. ಹಾಗೆ ಮಾತು ಕೊಡದಿದ್ದರೆ ಮದುವೆಯೇ ಬೇಡ ಎಂದಿದ್ದಳು ಅವಳು.

ರಾಜ ಕಪ್ಪು ಮೈಬಣ್ಣದವನು. ರಾಣಿ ಮಲಯವತಿಯೂ ಹಾಗೇ. ಆದರೆ ಇಪ್ಪತ್ತು ವರ್ಷದ ಹಿಂದೆ ಅವರಿಗೆ ಹುಟ್ಟಿದ ಕೂಸು ಹಾಲಿನಷ್ಟು ಬಿಳಿ. ಕೂದಲು ಬಿಳಿ, ಕಣ್ಣಿನ ರೆಪ್ಪೆಯೂ ಬಿಳಿ. ಇದು ನನ್ನ ಕೂಸಲ್ಲ ಎಂದ ರಾಜ. ರಾಣಿಯನ್ನು ಮೊಲದ ಹಿತ್ತಿಲ ಪಕ್ಕದ ಕಲ್ಲುಕೋಣೆಗೆ ಹಾಕಿಸಿದ. ಹನ್ನೊಂದು ವರ್ಷ ಅಲ್ಲಿದ್ದು ಅವಳು ಅಲ್ಲೇ ಸತ್ತಳು. ಸಿಂಹಾಸನಕ್ಕೆ ಬೇರೆ ಮಕ್ಕಳಿಲ್ಲವೆಂಬ ಒಂದೇ ಕಾರಣಕ್ಕೆ ಮಗಳನ್ನು ಉಳಿಸಿಕೊಂಡಿದ್ದ.

ಅದೇ ಹಿತ್ತಿಲ ಗೋಡೆಯ ಹಿಂದೆ ಒಂದು ಗುಂಡಿ ಇತ್ತು. ರಾಜನಿಗೆ ತನ್ನ ಕಂದು ಮೊಲದ ತಳಿಯ ಮೇಲೆ ಬಹಳ ಹೆಮ್ಮೆ, ಬೇರೆ ಗಂಡು ಸೇರದಂತೆ ಒಂದೊಂದು ಜೋಡಿಯ ಗೂಡಿಗೂ ಮರಿ ಹಾಕುವವರೆಗೆ ತಾನೇ ಮುದ್ರೆ ಒತ್ತುತ್ತಿದ್ದ. ಆದರೆ ಅಂಥ ಕಂದು ಜೋಡಿಗೂ ಆಗಾಗ ಬಿಳಿ ಮರಿ ಹುಟ್ಟುತ್ತಿತ್ತು. ತಳಿ ಕೆಡಿಸಿದೆ ಎಂದು ರಾಜ ಕೈ ಕಡಿಸಿಯಾನೆಂದು ಮಾಳಿಂಗನ ಅಪ್ಪ ಬಿಳಿ ಮರಿಗಳನ್ನು ಆ ಗುಂಡಿಯಲ್ಲಿ ಹೂಳುತ್ತಿದ್ದ. ಅಪ್ಪ ಸತ್ತ ಮೇಲೆ ಮಾಳಿಂಗ ಹೂಳುತ್ತಿದ್ದ. ಸಲಿಕೆಯೂ ಅಪ್ಪನದೇ.

ಮೊದಲು ಬಂದ ರಾಜಕುಮಾರನಿಗೆ ಕೌಮುದಿ ಕೇಳಿದಳು: "ಒಂದೇ ಎಳೆ, ಮೂರು ಬಣ್ಣ. ಬಣ್ಣಕ್ಕೆ ಅದ್ದಿದವರಿಲ್ಲ. ಉಸಿರು ತಾಗಿದರೆ ತೆರೆದು ತೋರಿಸುತ್ತದೆ, ಕೈಯಿಂದ ಸವರಿದರೆ ಮುಚ್ಚಿಕೊಳ್ಳುತ್ತದೆ. ಏನದು?" ಅವನು ಕಾಮನಬಿಲ್ಲು ಎಂದ, ಸತ್ತ.

ಎರಡನೆಯವನು ಮೊದಲನೆಯದನ್ನು ಹೇಗೋ ಬಿಡಿಸಿದ. ಆಗ ಅವಳು, "ಹುಟ್ಟುವಾಗ ಮೈಯೆಲ್ಲ ಬಿಳಿ. ಮಸಿ ಬಳಿದವರಿಲ್ಲ, ಆದರೂ ಮೂಗು, ಕಿವಿ, ಬಾಲ, ಪಾದ ಕಪ್ಪಾದವು. ಕಪ್ಪು ಮಾಡಿದ್ದು ಯಾರು?" ಎಂದಳು. ನಮ್ಮ ಮೈ ಕಪ್ಪಾಗುವುದು ಬಿಸಿಲಿಗೆ ತಾನೇ? ಅವನೂ ಬಿಸಿಲು ಎಂದ. ಅದು ತಪ್ಪು.

ಮೂರನೆಯವನು ತುಪ್ಪಳ ಮಾರುವ ವರ್ತಕನ ಹತ್ತಿರ ವಿಚಾರಿಸಿಕೊಂಡು ಬಂದಿದ್ದ, ಎರಡನ್ನೂ ಸಲೀಸಾಗಿ ಹೇಳಿದ. ಅವಳು ಮೂರನೆಯದನ್ನು ಕೇಳಿದಳು: "ಕಂದು ತಂದೆ, ಕಂದು ತಾಯಿ, ಮನೆಗೆ ಒಂದೇ ಬಾಗಿಲು. ಹುಟ್ಟಿದ ಕೂಸು ಬಿಳಿ. ಆ ಬಿಳಿ ಯಾವ ದಾರಿಯಲ್ಲಿ ಬಂತು?" ಅವನು ರಾಜನ ಕಡೆ ನೋಡಿ ನಕ್ಕು, "ಹೊರಗಿನಿಂದ ಬಂತು, ತಾಯಿ ಬಾಗಿಲು ತೆರೆದಿದ್ದಳು" ಎಂದ. ರಾಜ ಇಪ್ಪತ್ತು ವರ್ಷದಿಂದ ನಂಬಿದ್ದ ಮಾತೂ ಅದೇ. ಆದರೆ ತಾಯಿಯನ್ನೇ ನಂಬಿದ್ದ ಕೌಮುದಿ ತಪ್ಪು ಎಂದಳು. ತಾನು ನಂಬಿದ ಮಾತನ್ನೇ ಆಡಿದವನ ತಲೆಯನ್ನು ರಾಜ ತೆಗೆಸಬೇಕಾಯಿತು.

ಆ ಮಧ್ಯಾಹ್ನ ತಳವಾರ ಹಿತ್ತಿಲಿಗೆ ಬಂದು, ಮಾಳಿಂಗಣ್ಣ, ನಿನ್ನ ಸಲಿಕೆ ಸ್ವಲ್ಪ ಕೊಡು, ಮಣ್ಣು ಗಟ್ಟಿ ಇದೆ ಎಂದು ಕೇಳಿದ. ಮಾಳಿಂಗ ಕೊಟ್ಟ. ಸಂಜೆ ಅದು ತೊಳೆದು ವಾಪಸು ಬಂತು. ಅವನು ಅದನ್ನು ಮುಟ್ಟಲಿಲ್ಲ. ಮರುದಿನ ಬುಟ್ಟಿ ಎತ್ತಿಕೊಂಡು ಸಭೆಗೆ ಹೋದ.

ಹಿಕ್ಕೆ ಗುಡಿಸುವವನಿಗೂ ರಾಜಕುಮಾರಿ ಬೇಕಂತೆ ಎಂದು ಮಂತ್ರಿ ಗೇಲಿ ಮಾಡಿದ. ತುಪ್ಪಳ ಅಂಟಿದ ಅಂಗಿ ನೋಡಿ ಉಳಿದವರೂ ನಕ್ಕರು. ಮಾಳಿಂಗ ಬುಟ್ಟಿಯಿಂದ ಒಂದು ಕಂದು ಮೊಲ ತೆಗೆದು ಅದರ ಬೆನ್ನಿನ ಮೇಲೆ ಊದಿದ. ಕೂದಲು ಹೂವಿನಂತೆ ಬಿಚ್ಚಿಕೊಂಡಿತು. ಬುಡದಲ್ಲಿ ಬೂದಿ, ನಡುವೆ ಗೋಧಿ, ತುದಿಯಲ್ಲಿ ಕಪ್ಪು. ಇದು ಮೊದಲನೆಯದು ಎಂದ.

ಎರಡನೆಯದಕ್ಕೆ ಉತ್ತರ ಚಳಿ. ಬಡಗಣ ಬೆಟ್ಟದಿಂದ ತಂದ ಬಿಳಿ ಮೊಲದಲ್ಲಿ ಮೈಯ ಯಾವ ಭಾಗ ತಣ್ಣಗಿರುತ್ತದೋ ಅದು ಮಾತ್ರ ಕಪ್ಪಾಗುತ್ತದೆ. ಚಳಿಗಾಲದಲ್ಲಿ ಅದರ ಬೆನ್ನ ಕೂದಲು ಕಿತ್ತರೆ ಅಲ್ಲಿಯೂ ಕಪ್ಪೇ ಹುಟ್ಟುತ್ತದೆ ಎಂದು ವಿವರಿಸಿದ.

ಮೂರನೆಯದನ್ನು ಕೇಳುವಾಗ ಕೌಮುದಿಯ ದನಿ ತಗ್ಗಿತು. ಸಭೆಯಲ್ಲಿ ನಗು ನಿಂತಿತು. ಮಾಳಿಂಗ ಬುಟ್ಟಿ ಕೆಳಗಿಟ್ಟ.

"ಹೊರಗಿನಿಂದ ಬರಲಿಲ್ಲ, ಅಮ್ಮಣ್ಣಿ. ತಂದೆಯೊಳಗೂ ಇತ್ತು, ತಾಯಿಯೊಳಗೂ ಇತ್ತು. ಕಂದಿನ ಅಡಿಯಲ್ಲಿ ಬಿಳಿ ಅಡಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕೂಸು ಬಿಳಿಯಾಗುತ್ತದೆ. ತಾಯಿಯೊಬ್ಬಳಿಂದಲೇ ಆಗುವ ಕೆಲಸವಲ್ಲ ಅದು."

"ಸಾಕ್ಷಿ ಏನಿದೆ?" ಎಂದ ರಾಜ.

ಮಾಳಿಂಗ ಬುಟ್ಟಿಯ ತಳದ ಹುಲ್ಲು ಸರಿಸಿದ. ಆರು ಕಂದು ಮರಿ, ಎರಡು ಬಿಳಿ ಮರಿ. "ಬೇರೆ ಗಂಡು ಹೋಗದಂತೆ ಈ ಜೋಡಿಯ ಗೂಡಿಗೆ ಮುದ್ರೆ ಒತ್ತಿದವರು ತಾವೇ, ಮಹಾಪ್ರಭು. ಇಂಥವು ಇನ್ನೂ ಬೇಕಾದಷ್ಟಿವೆ. ಗೋಡೆಯ ಹಿಂದೆ ಹೂತಿದ್ದೇವೆ."

ರಾಜ ಬುಟ್ಟಿಯನ್ನೇ ನೋಡುತ್ತ ಕುಳಿತ. ಆಮೇಲೆ ಕಲ್ಲುಕೋಣೆಯ ಬಾಗಿಲು ತೆಗೆಯಿರಿ ಎಂದ. ಒಳಗೆ ಯಾರೂ ಇಲ್ಲ ಎಂದು ನೆನಪಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಕೌಮುದಿ ಸರಿ ಎಂದಳು. ಹಾರ ತಂದು ಮಾಳಿಂಗನ ಕೊರಳಿಗೆ ಹಾಕುತ್ತ, ಅವನಿಗಷ್ಟೇ ಕೇಳುವಂತೆ, "ಇದು ನಿನಗೆ ಯಾವಾಗಿನಿಂದ ಗೊತ್ತು?" ಎಂದಳು.

"ತಾವು ಹುಟ್ಟಿದ ವರ್ಷದಿಂದ. ನನಗಾಗ ಎಂಟು ವರ್ಷ."

"ನನ್ನಮ್ಮ ಸತ್ತಾಗ?"

"ಹತ್ತೊಂಬತ್ತು."

ಅವಳು ಹಾರ ಸರಿಪಡಿಸಿ ಹಿಂದೆ ಸರಿದಳು.

ಕೊಟ್ಟ ಮಾತಿನಂತೆ ಮದುವೆಯಾಯಿತು, ಅರ್ಧ ರಾಜ್ಯವೂ ಬಂತು. ಅವಳು ಗಂಡನಲ್ಲಿ ಕೇಳಿಕೊಂಡದ್ದು ಒಂದೇ. ಕಂದು ಜೋಡಿಗೆ ಬಿಳಿ ಮರಿ ಹುಟ್ಟಿದಾಗಲೆಲ್ಲ ಅವನೇ ಅದನ್ನು ಎತ್ತಿಕೊಂಡು ಹೋಗಿ, ತುಂಬಿದ ಸಭೆಯಲ್ಲಿ ರಾಜನಿಗೆ ತೋರಿಸಬೇಕು. ಮಾಳಿಂಗ ಹಾಗೇ ಮಾಡುತ್ತಿದ್ದ. ರೇಷ್ಮೆ ಅಂಗಿಯ ಮೇಲೆ ಮರಿಯನ್ನು ಅವುಚಿಕೊಂಡು ನಿಲ್ಲುತ್ತಿದ್ದ, ರಾಜ ನೋಡಿ ತಲೆಯಾಡಿಸುತ್ತಿದ್ದ. ಇಬ್ಬರಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ.

ಕಂದು ಜೋಡಿಗೆ ಬಿಳಿ ಮರಿ ಹುಟ್ಟುವುದು ಅಷ್ಟೇನೂ ಅಪರೂಪವಲ್ಲ.