ಕವಲಿನಲ್ಲಿ ಇಡದ ಸೊಪ್ಪು

ಬೇಟೆಗೆ ಇನ್ನೂ ತಡೆಯಿಲ್ಲದ ಕಾಲದಲ್ಲಿ, ಕುರುಚಲು ಗುಡ್ಡವೊಂದರ ಬುಡದ ಹಟ್ಟಿಯಲ್ಲಿ ಕಾಟಯ್ಯನೆಂಬ ಬೇಟೆಗಾರನಿದ್ದ. ಅವನು ಕಾಡುಕೋಳಿಯನ್ನು ಹುಡುಕಿಕೊಂಡು ಅಲೆಯುತ್ತಿರಲಿಲ್ಲ. ಕೋಳಿಯೇ ಅವನನ್ನು ಹುಡುಕಿಕೊಂಡು ಬರುತ್ತಿತ್ತು.

ಅದು ಹೇಗೆಂದರೆ, ಹುಂಜ ಕೂಗುವ ಮೊದಲು ರೆಕ್ಕೆ ಬಡಿಯುತ್ತದೆ. ಕಾಟಯ್ಯ ಪೊದೆಯೊಳಗೆ ಕುಳಿತು, ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಮಡಿಸಿ ಅದರಿಂದ ತೊಡೆಯ ಮೇಲೆ ಪಟಪಟನೆ ಬಡಿಯುತ್ತಿದ್ದ. ಆಮೇಲೆ ಅಂಗೈಗಳನ್ನು ಬೊಗಸೆ ಮಾಡಿ ಬಾಯಿಗಿಟ್ಟು ಹುಂಜದಂತೆಯೇ ಕೂಗುತ್ತಿದ್ದ. ತನ್ನ ಸೀಮೆಗೆ ಇನ್ನೊಂದು ಹುಂಜ ನುಗ್ಗಿತೆಂದು ಕಾಡಿನ ಹುಂಜ ಸಿಟ್ಟಿನಿಂದ ಮರುಕೂಗು ಹಾಕುತ್ತಿತ್ತು. ಕೂಗಿಗೆ ಕೂಗು ಬೆಳೆದು, ಕೊನೆಗೆ ಜಗಳಕ್ಕೆಂದು ತಾನೇ ಎದುರಿಗೆ ಬಂದು ನಿಲ್ಲುತ್ತಿತ್ತು.

ಈ ವಿದ್ಯೆಯನ್ನು ಕಾಟಯ್ಯ ತನ್ನ ಹೆಂಡತಿ ಗಾದ್ರಮ್ಮನ ತಮ್ಮ ಬೋಸಯ್ಯನಿಗೆ ಕಲಿಸಿದ. ಮೊದಲು ಕಲಿಸಿದ್ದು ಕೂಗನ್ನಲ್ಲ, ಸೊಪ್ಪಿಡುವುದನ್ನು. ಹಟ್ಟಿಯಿಂದ ಹೊರಟ ದಾರಿ ಗುಡ್ಡದ ಹತ್ತಿರ ಕವಲೊಡೆದು ಎರಡು ಕಣಿವೆಗಳಿಗೆ ಹೋಗುತ್ತಿತ್ತು. ಯಾವ ಕಣಿವೆಗೆ ಹೋಗುತ್ತಾರೋ ಆ ದಾರಿಯ ಬಾಯಲ್ಲಿ ಒಂದು ಹಸಿ ಟೊಂಗೆ ಮುರಿದಿಟ್ಟು, ಮೇಲೊಂದು ಕಲ್ಲು ಹೇರಿ ಹೋಗಬೇಕು. ಹಿಂದೆ ಬಂದವನು ಸೊಪ್ಪು ಕಂಡರೆ ಆ ಕಣಿವೆಗೆ ಕಾಲಿಡುವುದಿಲ್ಲ. ಹಟ್ಟಿಯ ಬೇಟೆಗಾರರೆಲ್ಲ ತಲೆತಲಾಂತರದಿಂದ ನಡೆಸಿಕೊಂಡು ಬಂದ ಕಟ್ಟಳೆ ಅದು.

"ಎರಡನೇದು ಕೇಳು," ಎಂದಿದ್ದ ಕಾಟಯ್ಯ. "ಕೂಗಿದ ಮೇಲೆ ಕೂತ ಜಾಗ ಬಿಟ್ಟು ಏಳಬಾರದು. ಕೋಳಿ ಬರಬೇಕು, ನೀನು ಹೋಗಬಾರದು."

"ಮೂರನೇದು ಏನು ಭಾವ?"

"ಬಾಯಿ ಮುಚ್ಚೋದು. ಅದು ನಿನಗೆ ಈ ಜನ್ಮಕ್ಕೆ ಬರಲ್ಲ ಬಿಡು."

ಇಬ್ಬರೂ ಹೀಗೇ ನಗುನಗುತ್ತಾ ಇದ್ದರು. ಆದರೆ ಒಂದು ದಿನ ನೆಂಟರ ಮದುವೆಯ ಚಪ್ಪರದಲ್ಲಿ ಯಾರೋ ಬೋಸಯ್ಯನನ್ನು ಕೂಗಿ ತೋರಿಸೆಂದರು. ಅವನು ಎದ್ದು ನಿಂತು ಹುಮ್ಮಸ್ಸಿನಿಂದ ಕೂಗಿದ. ಜನ ಭಲೇ ಎಂದರು. ಕಾಟಯ್ಯನಿಗೆ ಯಾಕೋ ಅದು ಹಿಡಿಸಲಿಲ್ಲ.

"ಈ ಕೂಗಿಗೆ ಕೋಳಿ ಬರಲ್ಲ," ಎಂದ. "ಕೆರೆಯಿಂದ ಕಪ್ಪೆ ಬರ್ತವೆ."

ಚಪ್ಪರವೆಲ್ಲ ಗೊಳ್ಳೆಂದಿತು. ಬೋಸಯ್ಯ ನಗಲಿಲ್ಲ. "ನೀನು ಕಲಿಸಿದ್ದನ್ನೇ ಕೂಗಿದೆ ಭಾವ," ಎಂದ.

"ನಾನು ಕಲಿಸಿದ್ದು ಕೋಳಿ ಕೂಗು."

ಜನ ಇನ್ನೂ ಜೋರಾಗಿ ನಕ್ಕರು. ಅಂದಿನಿಂದ ಬೋಸಯ್ಯ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿದ. ತಾನು ಆಡಿದ್ದು ಹೆಚ್ಚಾಯಿತೆಂದು ಕಾಟಯ್ಯನಿಗೆ ಗೊತ್ತಿತ್ತು. ಆದರೆ ಚಿಕ್ಕವನು ಅವನು, ಬೇಕಾದರೆ ಅವನೇ ಮೊದಲು ಬಂದು ಮಾತಾಡಿಸಲಿ ಎಂದುಕೊಂಡ. ಬೋಸಯ್ಯ ಕಾಡಿನಲ್ಲಿ ಒಬ್ಬನೇ ಕೂತು ದಿನವೂ ಕೂಗು ತಿದ್ದುತ್ತಿದ್ದಾನೆಂದು ಅವರಿವರು ಹೇಳಿದಾಗಲೂ ಕೇಳಿಸದವನಂತೆ ಇದ್ದ. ಹಾಗೇ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು.

ಒಂದು ಬೆಳಿಗ್ಗೆ ಕಾಟಯ್ಯ ಕೋವಿ ಹೆಗಲಿಗೇರಿಸಿ ಹೊರಟಾಗ ಗಾದ್ರಮ್ಮ ಬಾಗಿಲಿಗೆ ಬಂದಳು.

"ಅವನ ಹತ್ರ ಮಾತಾಡದಿದ್ರೆ ಬಿಡು. ಕವಲಿನಲ್ಲಿ ಸೊಪ್ಪಾದರೂ ಇಟ್ಟು ಹೋಗು. ಅವನೂ ಇವತ್ತು ಗುಡ್ಡದ ಕಡೆ ಹೋದ್ನೋ ಏನೋ."

"ನಿನ್ನ ತಮ್ಮ ಕೂಗೋ ಕಡೆ ಕೋಳಿ ಇರಲ್ಲ. ಕೋಳಿ ಇಲ್ಲದ ಕಡೆ ನಾನಿರಲ್ಲ. ನಮ್ಮಿಬ್ಬರಿಗೂ ಗಂಟು ಬೀಳೋದಿಲ್ಲ, ಹೋಗು."

ಕವಲಿಗೆ ಬಂದು ನೋಡಿದ. ಎರಡು ದಾರಿಯ ಬಾಯಲ್ಲೂ ಸೊಪ್ಪಿರಲಿಲ್ಲ. ಅಭ್ಯಾಸದಂತೆ ತಂಗಡಿ ಗಿಡದ ಟೊಂಗೆಯೊಂದನ್ನು ಬಗ್ಗಿಸಿದ. ಮುರಿಯಬೇಕು ಎನ್ನುವಾಗ ಒಂದು ಯೋಚನೆ ಬಂತು. ಬೋಸಯ್ಯ ಇದನ್ನು ಕಂಡರೆ, ಭಾವನೇ ಸೋತು ಮೊದಲು ಸುದ್ದಿ ಕಳಿಸಿದ ಎಂದುಕೊಳ್ಳುವುದಿಲ್ಲವೇ? ಕಾಟಯ್ಯ ಟೊಂಗೆಯನ್ನು ಬಿಟ್ಟುಬಿಟ್ಟ. ಅದು ಚಿಮ್ಮಿ ತನ್ನ ಜಾಗಕ್ಕೆ ಹೋಯಿತು. ಅವನು ಎಡಗಡೆಯ ಕಣಿವೆಗೆ ಇಳಿದ.

ಪೊದೆಯಲ್ಲಿ ಕುಳಿತು, ವಲ್ಲಿ ಬಡಿದು, ಕೂಗು ಹಾಕಿದ. ಕೂಡಲೇ ಎದುರು ದಿಣ್ಣೆಯಿಂದ ಮರುಕೂಗು ಬಂತು.

ಕಾಟಯ್ಯನ ಮೈ ಜುಮ್ಮೆಂದಿತು. ಎಂಥ ಕೂಗು ಅದು. ತುಂಬಿದ ಗಂಟಲು, ಕೊನೆಯಲ್ಲಿ ಸಿಟ್ಟಿನ ಸಣ್ಣ ಕೊಕ್ಕೆ. ಇಷ್ಟು ಗತ್ತಿನ ಹುಂಜದ ಕೂಗನ್ನು ಅವನು ಕೇಳಿ ಬಹಳ ಕಾಲವಾಗಿತ್ತು. ಇವನು ಕೂಗಿದ, ಅದು ಕೂಗಿತು. ಇವನು ಏರಿಸಿದರೆ ಅದೂ ಏರಿಸಿತು. ಇವನು ಸುಮ್ಮನಾದರೆ ಅದು ಕೆಣಕಿತು. ಬಿಸಿಲು ಕಣಿವೆಗಿಳಿಯುವ ತನಕ ಈ ಸವಾಲು ಜವಾಬು ನಡೆಯಿತು. ಆದರೆ ಹುಂಜ ಮಾತ್ರ ಕೂತಲ್ಲಿಂದ ಕದಲಲಿಲ್ಲ.

ಬೋಸಯ್ಯ ಇರಬಹುದೇ ಎಂಬ ಅನುಮಾನ ಒಂದು ಸಲ ಸುಳಿಯಿತು. ಸುಳಿದಷ್ಟೇ ಬೇಗ ಹೋಯಿತು. ಬೋಸಯ್ಯನ ಕೂಗಿಗೆ ಕಪ್ಪೆ ಬರುತ್ತವೆಂದು ಅವನೇ ಎಲ್ಲರೆದುರು ತೀರ್ಪು ಕೊಟ್ಟಿರಲಿಲ್ಲವೇ?

ಕಾಟಯ್ಯ ಎದ್ದ. ಮತ್ತೊಬ್ಬನಿಗೆ ತಾನೇ ಕಲಿಸಿದ ನಿಯಮವನ್ನು ಮುರಿದು, ಕೂಗಿನ ಕಡೆಗೆ ತೆವಳಿದ. ದಿಣ್ಣೆಯ ಮೇಲೆ ಲಂಟಾನ ಪೊದೆಯೊಂದು ಅಲುಗಿತು. ಪಟಪಟನೆ ರೆಕ್ಕೆ ಬಡಿದ ಸದ್ದಾಯಿತು. ಎಲೆಗಳ ಸಂದಿಯಲ್ಲಿ ಕೆಂಪಗೆ ಏನೋ ಕಂಡಿತು. ಹುಂಜದ ಜುಟ್ಟು ಎಂದಿತು ಮನಸ್ಸು. ಅವನು ಕೋವಿಯ ಕುದುರೆ ಎಳೆದ.

ಪೊದೆ "ಅವ್ವಾ" ಎಂದಿತು.

ಕಾಟಯ್ಯನಿಗೆ ಆ ಕ್ಷಣ ಅರ್ಥವೇ ಆಗಲಿಲ್ಲ. ಕೋಳಿ ಅವ್ವಾ ಎನ್ನುವುದಿಲ್ಲ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಓಡಿಹೋಗಿ ಎಲೆ ಸರಿಸಿದ. ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡ ಬೋಸಯ್ಯ ಮಗ್ಗುಲಾಗಿ ಬಿದ್ದಿದ್ದ. ಕೋವಿಯ ಚರೆಗುಂಡುಗಳು ಎದೆಗೂ ಕುತ್ತಿಗೆಗೂ ಹೊಕ್ಕಿದ್ದವು.

"ಭಾವ," ಎಂದ ಬೋಸಯ್ಯ. ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತು. "ಕವಲಿನಲ್ಲಿ ಸೊಪ್ಪು ಇರಲಿಲ್ಲ."

"ನಿಂದೂ ಇರಲಿಲ್ಲವಲ್ಲೋ."

"ನಾನೇ ಯಾಕೆ ಮೊದಲು ಇಡಬೇಕು ಅಂತ..."

"ಮಾತಾಡಬೇಡ. ಹೊತ್ಕೊಂಡು ಹೋಗ್ತೀನಿ, ಕೊರಳು ಹಿಡ್ಕೋ."

ಬೋಸಯ್ಯ ಅವನ ತೋಳು ಹಿಡಿದು ತಡೆದ. "ಕೋಳಿ ಅಂತಲೇ ಅನ್ನಿಸ್ತಾ?"

ಕಾಟಯ್ಯ ಅವನ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡ. "ಅನ್ನಿಸ್ತು ಕಣೋ. ಒಂದು ಚೂರೂ ಅನುಮಾನ ಉಳೀಲಿಲ್ಲ."

ಬೋಸಯ್ಯನ ಮುಖದಲ್ಲಿ ಒಂದು ಸಮಾಧಾನ ಮೂಡಿತು. ಕಾಟಯ್ಯ ಮುಂದೆ ಬದುಕಿದ್ದಷ್ಟು ದಿನವೂ ಮರೆಯಲಾಗದೆ ಹೋದದ್ದು ರಕ್ತವನ್ನಲ್ಲ, ಆ ಸಮಾಧಾನವನ್ನು.

ಮೈದುನನನ್ನು ಹೆಗಲ ಮೇಲೆ ಹೊತ್ತು ಓಡಿದ. ಕವಲು ದಾಟುವಾಗ ಬೋಸಯ್ಯನ ಉಸಿರು ನಿಂತು ಹೆಗಲ ಭಾರ ಬೇರೆಯಾಯಿತು. ಆದರೂ ಅವನು ಓಟ ನಿಲ್ಲಿಸಲಿಲ್ಲ.

ಗಾದ್ರಮ್ಮ ಅಂಗಳದಲ್ಲಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅಳಲೂ ಇಲ್ಲ, ಬೈಯಲೂ ಇಲ್ಲ. ಯಾರು ಹೊಡೆದರೆಂದು ಕೇಳಲಿಲ್ಲ. ಗಂಡನ ಮುಖ ನೋಡಿದಾಗಲೇ ಅವಳಿಗೆ ತಿಳಿದಿತ್ತು. ಒಂದೇ ಮಾತು ಕೇಳಿದಳು.

"ಕೊನೆಗಾದರೂ ಮಾತಾಡಿದ್ರಾ?"

"ಮಾತಾಡಿದ್ವಿ," ಎಂದ ಕಾಟಯ್ಯ.

ನೀತಿ: ಮಕ್ಕಳೇ, ಮನುಷ್ಯರೆಂದ ಮೇಲೆ ಮುನಿಸು ಬರುತ್ತದೆ. ಆದರೆ ಎಂಥ ಮುನಿಸಿನಲ್ಲೂ ಪ್ರಾಣ ಕಾಯುವ ಮಾತನ್ನು ತಡೆದಿಡಬಾರದು. "ನಾನು ಇಲ್ಲಿದ್ದೇನೆ" ಎಂದು ಮೊದಲು ತಿಳಿಸಿದವನು ಸೋತವನಲ್ಲ. ಇನ್ನೊಬ್ಬನಿಗೆ ಇಷ್ಟೇ ಸಾಧ್ಯವೆಂದು ನಾವು ಕೊಟ್ಟ ತೀರ್ಪನ್ನು ನಂಬಿ, ಕಣ್ಣಾರೆ ಕಾಣುವ ಮೊದಲೇ ಕೈ ಎತ್ತಬಾರದು.