ಲೇತಿನ ಮೌಲಾಬಿ

ಬಹಳ ಹಿಂದೆ, ನಮ್ಮ ಸೀಮೆಯ ಒಂದೂರಲ್ಲಿ ಮೌಲಾಬಿ ಅಂತ ಒಬ್ಬಳಿದ್ದಳಂತೆ. ಇಂಟರ್ನೆಟ್ಟು ಇನ್ನೂ ಊರೊಳಗೆ ಇಳಿಯದ ಕಾಲ ಅದು. ಗುಡ್ಡ ಹತ್ತಿದವರಿಗಷ್ಟೇ ಸಿಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವನ ಕಬ್ಬಿಣ ಕಡೆಯುವ ಲೇತ್ ಮಷಿನ್ನು ಮಾರಿಬಿಡು ಅಂದರಂತೆ ಎಲ್ಲರೂ. ಮೌಲಾಬಿ ಮಾರಲಿಲ್ಲ. ತಾನೇ ಅದರ ಮುಂದೆ ನಿಂತಳು. ಕಬ್ಬಿಣ ಮುಟ್ಟಿ ಅದರ ವಯಸ್ಸು ಹೇಳುತ್ತಿದ್ದಳು ಅಂತಾರೆ.

ಅದೇ ಊರಿನ ನರ್ಸ್ ಎಸ್ತರಮ್ಮನ ಹತ್ತಿರ ಅವಳಪ್ಪನ ಕಾಲದ ಮೋಟಾರ್‌ಸೈಕಲ್ಲಿತ್ತು. ಬಸ್ಸು ಹೋಗದ ಹನ್ನೊಂದು ಹಟ್ಟಿಗಳಿಗೆ ಅದರಲ್ಲೇ ಹೋಗಿ ಹೆರಿಗೆ ಮಾಡಿಸುತ್ತಿದ್ದಳು. ಒಂದು ದಿನ ಅದರ ಗೇರಿನ ಹಲ್ಲು ಮುರಿಯಿತು. ಪಟ್ಟಣದ ದೊಡ್ಡ ಅಂಗಡಿಯವನು, ಈ ಗಾಡಿ ಮಾಡುತ್ತಿದ್ದ ಕಂಪನಿಯೇ ಮುಚ್ಚಿ ಎಷ್ಟೋ ವರ್ಷವಾಯಿತು, ಇದರ ಸಾಮಾನು ಭೂಮಿ ಮೇಲೆಲ್ಲೂ ಇಲ್ಲ, ಗುಜರಿಗೆ ಹಾಕು ಅಂದನಂತೆ. ಎಸ್ತರಮ್ಮ ಅತ್ತಳು. ಗುಜರಿಯವನ ಟೆಂಪೋ ಬಂತು.

ಟೆಂಪೋಗೆ ಅಡ್ಡ ನಿಂತವಳು ಮೌಲಾಬಿ.

"ಒಂದ ಹಲ್ಲು ಮುರದೈತಿ, ತಮ್ಮಾ. ಒಂದ ಹಲ್ಲು ಬಿತ್ತಂತ ಮನಿ ಹಿರ್ಯಾನ್ನ ಹುಗದು ಬರ್ತೀರೇನು?"

ಟೆಂಪೋ ಖಾಲಿ ಹೋಯಿತು.

ಆಮೇಲೆ ಫೋನು ಹಿಡಿದು ಗುಡ್ಡ ಹತ್ತಿದಳು. ಅವಳಿಗೆ ಬರೆಯಲು ಬಾರದು. ಮುರಿದ ಗೇರಿನ ಫೋಟೋ ತೆಗೆದು, ಇಂಟರ್ನೆಟ್ಟಿನಲ್ಲಿ ಹಳೆ ಗಾಡಿಯವರು ಸೇರುವ ಒಂದು ಗುಂಪಿಗೆ ಹಾಕಿ, ಇಂಥದ್ದು ಯಾರ ಹತ್ತಿರ ಇದೆ ಅಂತ ತನ್ನ ದನಿಯಲ್ಲೇ ಕೇಳಿದಳಂತೆ. ಏಳು ದಿನ ಗುಡ್ಡ ಇಳಿಯಲಿಲ್ಲ ಅಂತಾರೆ. ನಮ್ಮಜ್ಜಿ ಮಾತ್ರ ಮೂರು ದಿನ ಅನ್ನುತ್ತಿದ್ದಳು, ಅದೂ ಊಟಕ್ಕೆ ಇಳಿದು ಬರುತ್ತಿದ್ದಳಂತೆ. ಕೆಲವರು ನಕ್ಕರು. ಕೆಲವರು ಬಿಟ್ಟುಬಿಡು ಅಂದರು. ಕೊನೆಗೆ ಹಿಮ ಬೀಳುವ ದೇಶದ ಒಬ್ಬ ಮುದುಕ ತನ್ನ ಗಾಡಿಯನ್ನೇ ಬಿಚ್ಚಿ, ಅದೇ ಗೇರಿನ ಮೇಲೆ ಅಳತೆಪಟ್ಟಿ ಇಟ್ಟು ಫೋಟೋ ಕಳಿಸಿದನಂತೆ. ಅವನ ಮಾತು ಇವಳಿಗೆ ತಿಳಿಯಲಿಲ್ಲ, ಅಂಕಿ ತಿಳಿದವು. ಹಳೆ ಲಾರಿಯ ಆಕ್ಸಲ್ ಉಕ್ಕಿನಲ್ಲಿ ಮಾಡಿದರೆ ತಾಳುತ್ತದೆ ಅಂತ ಕೊಚ್ಚಿಯ ಮೆಕ್ಯಾನಿಕ್ಕೊಬ್ಬ ತಿಳಿಸಿದ.

ಮಾಡಿದಳು. ಲೇತಿನಲ್ಲಿ ಕಡೆದಳು, ಅರದಿಂದ ಹಲ್ಲು ತಿದ್ದಿದಳು, ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದಳು. ಮೊದಲನೆಯದು ಸೀಳಿತು. ಎರಡನೆಯದೂ ಸೀಳಿತು. ಮೂರನೆಯದು ನಿಂತಿತು. ಎಸ್ತರಮ್ಮ ಕಿಕ್ ಹೊಡೆದರೆ ಹನ್ನೊಂದು ಹಟ್ಟಿಗೂ ಸದ್ದು ಕೇಳಿಸಿತಂತೆ.

ಅಂಗಡಿಯವನಿಗೂ ಕೇಳಿಸಿರಬೇಕು. ಬಂದ. ಆ ಅಳತೆ ನನಗೊಬ್ಬನಿಗೇ ಕೊಡು, ಕೇಳಿದಷ್ಟು ದುಡ್ಡು ಕೊಡುತ್ತೇನೆ ಅಂದ. ಮೌಲಾಬಿ ಅವನನ್ನು ಕೂರಿಸಿ ಚಹಾ ಕೊಟ್ಟಳು.

"ನನಗ ಕೊಟ್ಟಾವ ಮುಚ್ಚಿಟ್ಟಿದ್ದರ ನಾ ಎಲ್ಲಿಂದ ಮಾಡತಿದ್ದೆ, ಸಾವ್ಕಾರ್ರೇ? ನಿಮಗೊಬ್ಬರಿಗ ಅಂತೂ ಕೊಡಾಂಗಿಲ್ಲ."

ಅವನ ಚಹಾ ಮುಗಿಯುವ ಮೊದಲೇ ಎದ್ದು ಗುಡ್ಡ ಹತ್ತಿ, ಅಳತೆ, ಉಕ್ಕು, ಎರಡು ಸಲ ಯಾಕೆ ಸೀಳಿತು ಅನ್ನುವುದು, ಎಲ್ಲ ಬಾಯಿಬಿಟ್ಟು ಹೇಳಿ ಲೋಕಕ್ಕೇ ಹಾಕಿಬಿಟ್ಟಳಂತೆ.

ಮೌಲಾಬಿ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಆ ಸೀಮೆಯಲ್ಲಿ ಹಳೆ ಗಾಡಿಗೆ ಸಾಮಾನು ಕಡೆಯುವವರು ಒಂದರ ಜೊತೆ ಇನ್ನೊಂದು ಕಡೆಯುತ್ತಾರೆ. ಎರಡನೆಯದನ್ನು ಮಾರುವಂತಿಲ್ಲ. ಅದು ಮೌಲಾಬಿಯ ಪಾಲು. ಇಂಟರ್ನೆಟ್ಟಿನಲ್ಲಿ ಯಾರು ಕೇಳುತ್ತಾರೋ, ಯಾವ ದೇಶದವರೋ, ಅವರ ಹೆಸರು ಬರೆದು ಅಂಚೆಗೆ ಹಾಕುತ್ತಾರೆ.