ಕಾಲುವೆಯವನ ಕೂಗು

"ವಸ್ತಾದರೇ, ನಮ್ಮಕ್ಕನಿಗೆ ಕೆಟ್ಟಿರುವುದು ಕಿಡ್ನಿ. ರಕ್ತ ಯಾಕೆ ಕಡಿಮೆಯಾಗಬೇಕು? ಡಾಕ್ಟರು ಡಯಾಲಿಸಿಸ್ ಅಂತಾರೆ, ರಕ್ತಕ್ಕೆ ಬೇರೆ ಇಂಜೆಕ್ಷನ್ ಅಂತಾರೆ. ಅವರು ಬೇಡವೆಂದರೂ ನಾನು ಖರ್ಜೂರ ತಂದು ಸುರಿಯುತ್ತಿದ್ದೇನೆ. ಅಕ್ಕ ಸರಿಯಾಗಿ ತಿನ್ನುವುದಿಲ್ಲ. ನಿನ್ನೆ ಬೈದೂ ಬಂದೆ."

ಕೇಳಿದವನು ಗರಡಿಯಲ್ಲಿ ವಸ್ತಾದರ ಬಳಿ ಕುಸ್ತಿ ಕಲಿಯುವ ಶಿಷ್ಯ ಬೋರಲಿಂಗ. ತಾಯಿಯಿಲ್ಲದ ಅವನನ್ನು ಸಾಕಿದವಳು ಆ ಅಕ್ಕನೇ.

ವಸ್ತಾದರು ಮೀಸೆ ತಿರುವಿದರು. "ಈ ಗರಡಿಯ ಮಣ್ಣಿನಾಣೆ, ನಾನೀಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆನೆಯನ್ನು ಚಿತ್ ಮಾಡಿದ ಕೈಯಿದು. ಅಂಥವನು ಸುಳ್ಳು ಹೇಳುತ್ತಾನೆಯೇ?" ಎಂದು ಶುರು ಮಾಡಿದರು.

ಒಂದು ಊರು. ಅಲ್ಲಿ ಮನೆಮನೆಗೆ ನೀರು ಹೋಗುತ್ತಿದ್ದುದು ಕೆಂಪು ಗಡಿಗೆಗಳಲ್ಲಿ. ಗಡಿಗೆ ಮಾಡಲು ಒಬ್ಬ ಕುಂಬಾರನಿದ್ದ. ಊರ ಕೊಚ್ಚೆಯನ್ನು ಹೊರಗೆ ಹರಿಸಲು ಒಬ್ಬ ಕಾಲುವೆಯವನಿದ್ದ. ನೀರು ಸಾಲದಾದಾಗ, ಗಡಿಗೆ ಬೇಕು ಕಣೋ ಎಂದು ಕುಂಬಾರನಿಗೆ ಕೂಗಿ ಹೇಳುತ್ತಿದ್ದವನೂ ಅವನೇ. ಗಂಟಲು ಥೇಟ್ ನನ್ನದೇ. ಕೂಗಿದರೆ ಪಕ್ಕದೂರಿನ ಕುಂಬಾರನೂ ಚಕ್ರ ತಿರುಗಿಸುತ್ತಿದ್ದ.

ಕಾಲುವೆಯವನು ಹಾಸಿಗೆ ಹಿಡಿದ. ಕೂಗು ಕುಗ್ಗಿತು. ಕೊಚ್ಚೆ ಹೊರಗೆ ಹೋಗದೆ ಊರೊಳಗೇ ನಿಂತಿತು. ಕುಂಬಾರನ ಅಂಗಳಕ್ಕೂ ನುಗ್ಗಿತು. ಗಡಿಗೆ ಚಕ್ರದ ಮೇಲೇ ಕುಸಿಯಿತು. ಹೇಗೋ ಆದ ಗಡಿಗೆಗಳೂ ಕೊಚ್ಚೆ ತಗುಲಿ ಬೇಗ ಬಿರಿದವು. ಕುಂಬಾರನಿಗೆ ಮಣ್ಣು ಅಳೆದು ಕೊಡುತ್ತಿದ್ದ ಉಗ್ರಾಣದವನು ಗಾಬರಿಬಿದ್ದು, ಇದ್ದ ಮಣ್ಣಿಗೆ ಬೀಗ ಹಾಕಿ ಕುಳಿತ. ಊರು ಬಾಯಾರಿತು.

ಗೌಡ ಗಾಡಿಗಟ್ಟಲೆ ಮಣ್ಣು ತಂದು ಸುರಿಸಿದ. "ಇಷ್ಟು ಕೊಟ್ಟರೂ ಗಡಿಗೆಯಿಲ್ಲವಲ್ಲೋ ಸೋಮಾರಿ!" ಎಂದು ಕುಂಬಾರನನ್ನು ಬೈದ.

ಕುಂಬಾರನ ಹೆಂಡತಿ ಒಳಗಿನಿಂದಲೇ ಅಂದಳು: "ಮಣ್ಣೇನೋ ಗುಡ್ಡದಷ್ಟಿದೆ ಗೌಡರೇ. ನೀವು ಎಲ್ಲಿ ನಿಂತಿದ್ದೀರಿ, ಸ್ವಲ್ಪ ಕಾಲು ನೋಡಿಕೊಳ್ಳಿ."

ಗೌಡ ನೋಡಿಕೊಂಡ. ಮೊಣಕಾಲವರೆಗೆ ಕೊಚ್ಚೆ.

ಅಂದಿನಿಂದ ಊರವರು ಸರದಿಯ ಮೇಲೆ ಕೊಚ್ಚೆ ಎತ್ತಿ ಹೊರಗೆ ಚೆಲ್ಲಿದರು. ಕೂಗಿಗೆ ಬದಲು ತಮಟೆ ಬಾರಿಸಿದರು. ಮೊದಲಿನಷ್ಟಲ್ಲದಿದ್ದರೂ ಗಡಿಗೆಗಳು ಬಂದವು. ಗೌಡ ಮೊದಲ ಗಡಿಗೆಯನ್ನು ಕಾಲುವೆಯವನ ಹಾಸಿಗೆಯ ಬಳಿ ಇಟ್ಟು, "ಇಷ್ಟು ಕಾಲ ನೀನು ಮಾಡಿದ್ದು ನಮಗೆ ಗೊತ್ತೇ ಆಗಲಿಲ್ಲವಪ್ಪಾ" ಎಂದು ಕೈಮುಗಿದ.

ಬೋರಲಿಂಗ ಕಣ್ಣೊರೆಸಿಕೊಂಡ. "ಹಾಗಾದರೆ ರಕ್ತ ಬೇಕೆಂದು ಕೂಗುತ್ತಿದ್ದುದೂ ಕಿಡ್ನಿಯೇ! ನಾಳೆಯೇ ಅಕ್ಕನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ, ಆ ಇಂಜೆಕ್ಷನ್ನೂ ಹಾಕಿಸುತ್ತೇನೆ. ಕತೆ ಪೂರ್ತಿ ನಿಜ ತಾನೇ, ವಸ್ತಾದರೇ?"

"ಗೌಡ ಕೈಮುಗಿದ ಅಂದೆನಲ್ಲ, ಅದೊಂದು ನಾನು ಸೇರಿಸಿದ್ದು, ಮನೆಗೆ ಹೋಗಿ ಅದನ್ನು ನೀನು ನಿಜ ಮಾಡು."